ಕರಾವಳಿ ಮನೆಯಲ್ಲಿ ಮಾಡೆಲ್ ರೈಲು: ಯಾವ ಅಳತೆ, ಯಾವ ಹಳಿ, ಯಾವ ಹಲಗೆ?

ಮಾಡೆಲ್ ರೈಲಿನ ಹುಚ್ಚು ಹಿಡಿದವರು ಮೊದಲು ಇಂಜಿನ್ ನೋಡುತ್ತಾರೆ, ಆಮೇಲೆ ಬೆಲೆ ನೋಡುತ್ತಾರೆ, ಹಳಿಯ ವಿಚಾರ ಕೊನೆಗೆ ಬರುತ್ತದೆ. ಕಾರವಾರದಿಂದ ಭಟ್ಕಳದವರೆಗಿನ ನಮ್ಮ ಕಡೆ ಈ ಕ್ರಮವನ್ನೇ ತಿರುಗಿಸಬೇಕು. ಇಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುತ್ತದೆ. ಮಳೆ ಇಲ್ಲದ ತಿಂಗಳಲ್ಲಿ ಉಪ್ಪುಗಾಳಿ ಇದ್ದೇ ಇರುತ್ತದೆ. ಹೊರದೇಶದವರ ವಿಡಿಯೊಗಳಲ್ಲಿ ಸಿಗುವ ಸಲಹೆ ಬಹುತೇಕ ಬೆಚ್ಚಗಿನ, ಒಣಗಿದ ಕೋಣೆಗೆ ಹೇಳಿದ್ದು, ಅದನ್ನು ಹಾಗೇ ತಂದು ಅಂಕೋಲೆಯ ಮನೆಯಲ್ಲಿ ಕೂರಿಸಿದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆ ಸೊಟ್ಟಗಾಗಿ ಹಳಿ ಎದ್ದು ನಿಲ್ಲುತ್ತದೆ. ಆದ್ದರಿಂದ ಕೆಳಗಿನ ಪ್ರತಿ ಆಯ್ಕೆಯಲ್ಲೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಆಗಸ್ಟ್ ತಿಂಗಳಲ್ಲಿ ಇದು ಹೇಗಿರುತ್ತದೆ? ಚಂದ, ಬೆಲೆ, ಸಿಗುತ್ತೋ ಇಲ್ಲವೋ ಎಲ್ಲ ಅದರ ನಂತರ.

ಅಳತೆ: ಎಚ್‌ಒ, ಓಓ, ಎನ್

ಎಚ್‌ಒ ಅಂದರೆ ನಿಜದ ರೈಲಿನ 87ರಲ್ಲಿ ಒಂದು ಪಾಲು. ಹಳಿಗಳ ನಡುವಿನ ಅಂತರ 16.5 ಮಿ.ಮೀ. ಬ್ರಿಟಿಷರ ಓಓ ಅಳತೆಯಲ್ಲಿ ಬೋಗಿ ಸ್ವಲ್ಪ ದೊಡ್ಡದು, 76ರಲ್ಲಿ ಒಂದು ಪಾಲು, ಆದರೆ ಓಡುವುದು ಅದೇ 16.5 ಮಿ.ಮೀ. ಹಳಿಯ ಮೇಲೆ. ಎನ್ ಅಂದರೆ 160ರಲ್ಲಿ ಒಂದು, ಹಳಿ ಅಂತರ 9 ಮಿ.ಮೀ.

ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಲೆಕ್ಕ ಹಾಕಿದರೆ ಎಚ್‌ಒದಲ್ಲಿ ಹಳಿ ಅಂತರ 19.3 ಮಿ.ಮೀ. ಆಗಬೇಕಿತ್ತು. 16.5 ಮಿ.ಮೀ. ಹಳಿ ಯುರೋಪು, ಅಮೆರಿಕದ ಸ್ಟಾಂಡರ್ಡ್ ಗೇಜಿಗೆ (1435 ಮಿ.ಮೀ.) ಸರಿಹೊಂದುವ ಅಳತೆ. ಅಂದರೆ ಅಂಗಡಿಯಿಂದ ತಂದ ಹಳಿಯ ಮೇಲೆ ಭಾರತದ ಬೋಗಿ ಇಟ್ಟರೆ ಚಕ್ರಗಳು ಎರಡೂ ಕಡೆ ಸೇರಿ ಸುಮಾರು 3 ಮಿ.ಮೀ. ಒಳಗೆ ಸರಿದಿರುತ್ತವೆ. ಓಓದಲ್ಲಿ ಇದು ಇನ್ನೂ ಜಾಸ್ತಿ, 22 ಇರಬೇಕಾದಲ್ಲಿ 16.5. ಎದುರಿನಿಂದ ನೋಡಿದರೆ ಗೊತ್ತಾಗುತ್ತದೆ, ಪಕ್ಕದಿಂದ ಗೊತ್ತಾಗುವುದಿಲ್ಲ. ಇದಕ್ಕಾಗಿ ಹಳಿಯನ್ನು ಕೈಯಿಂದಲೇ ಕಟ್ಟುತ್ತೇನೆ ಅನ್ನುವವರಿಗೆ ನನ್ನ ಗೌರವ ಇದೆ, ಆದರೆ ಮೊದಲ ಲೇಔಟಿಗೆ (ಹಲಗೆಯ ಮೇಲೆ ಹಳಿ ಹಾಕಿ ಕಟ್ಟುವ ಇಡೀ ಮಾದರಿಗೆ) ಅದು ಬೇಡ.

ಭಾರತೀಯ ಇಂಜಿನ್, ಬೋಗಿ ಬೇಕು ಅಂದರೆ ಎಚ್‌ಒ ಕಡೆ ಹೋಗಿ, ಸಿಗುವುದು ಹೆಚ್ಚಾಗಿ ಅದರಲ್ಲೇ. ಜಪಾನಿನದೋ ಯುರೋಪಿನದೋ ಯಾವುದಾದರೂ ಆದೀತು, ರೈಲು ಓಡಿದರೆ ಸಾಕು ಅನ್ನುವವರಿಗೆ, ಜಾಗ ಕಡಿಮೆ ಇದ್ದರೆ, ಎನ್ ಒಳ್ಳೆಯದು. ಎನ್ ಅಳತೆಯ ಒಂದು ಸಮಸ್ಯೆ ನಮ್ಮ ಹವೆಗೆ ಸಂಬಂಧಿಸಿದ್ದು. ಇಂಜಿನ್ ಹಗುರ, ಚಕ್ರ ಸಣ್ಣದು, ಹಾಗಾಗಿ ಹಳಿಯ ಮೇಲೆ ತೆಳು ಕೊಳೆ ಕೂತರೂ ಕರೆಂಟ್ ತಪ್ಪಿ ನಿಂತುಬಿಡುತ್ತದೆ. ಎಚ್‌ಒ ಇಂಜಿನ್ ತನ್ನ ಭಾರದಿಂದಲೇ ಅದನ್ನು ದಾಟಿ ಹೋಗುತ್ತದೆ. ಸಮುದ್ರದಿಂದ ಒಂದೆರಡು ಕಿಲೋಮೀಟರ್ ಒಳಗಿನ ಮನೆಯಾದರೆ ನಾನು ಎಚ್‌ಒ ಎಂದೇ ಹೇಳುತ್ತೇನೆ. ಶಿರಸಿ, ಸಿದ್ದಾಪುರ ಕಡೆ ಮಳೆ ಕಡಿಮೆ ಏನಲ್ಲ, ಆದರೆ ಉಪ್ಪು ಇಲ್ಲ, ಅಲ್ಲಿ ಎನ್ ಧೈರ್ಯವಾಗಿ ಹಾಕಬಹುದು.

ತಿರುವು: ಇದನ್ನು ಮೊದಲು ನಿಶ್ಚಯಿಸಿ

ಅಳತೆ ಆದಮೇಲೆ ಎಲ್ಲರೂ ನಕ್ಷೆ ಬರೆಯಲು ಕೂರುತ್ತಾರೆ. ಅದಕ್ಕೂ ಮುಂಚೆ ನಿಮ್ಮ ಅತಿ ಉದ್ದದ ಬೋಗಿ ಯಾವುದು ನೋಡಿ. ಹಳೆ ಮಾದರಿಯ ಐಸಿಎಫ್ ಬೋಗಿ 21.3 ಮೀಟರ್, ಎಚ್‌ಒದಲ್ಲಿ 24.5 ಸೆಂ.ಮೀ. ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿ 23.5 ಮೀಟರ್, ಎಚ್‌ಒದಲ್ಲಿ 27 ಸೆಂ.ಮೀ. ತಿರುವಿನ ತ್ರಿಜ್ಯ ಬೋಗಿಯ ಉದ್ದದ ಮೂರು ಪಟ್ಟು ಇದ್ದರೆ ರೈಲು ನೆಮ್ಮದಿಯಾಗಿ ತಿರುಗುತ್ತದೆ ಅನ್ನುವುದು ಹಳಬರ ಲೆಕ್ಕ. ಅಂದರೆ ಐಸಿಎಫ್‌ಗೆ 73 ಸೆಂ.ಮೀ., ಎಲ್‌ಎಚ್‌ಬಿಗೆ 81 ಸೆಂ.ಮೀ. ಎರಡು ಪಟ್ಟಿಗೆ ಇಳಿಸಿದರೂ ಓಡುತ್ತದೆ, ಆದರೆ ಬೋಗಿಯ ಮೂಲೆ ಹಳಿಯಿಂದ ಹೊರಗೆ ಚಾಚಿಕೊಂಡು ನೋಡಲು ಚಂದ ಇರುವುದಿಲ್ಲ. ಅದಕ್ಕಿಂತ ಕೆಳಗೆ ಹೋದರೆ ಹಿಮ್ಮುಖ ತಳ್ಳುವಾಗ ಬೋಗಿಗಳು ಹಳಿ ತಪ್ಪುತ್ತವೆ.

ಈಗ 8×4 ಅಡಿಯ ಪ್ಲೈವುಡ್ ಹಾಳೆಯ ಮೇಲೆ ಒಂದು ಸುತ್ತು ಹಾಕೋಣ ಅಂದುಕೊಳ್ಳಿ. ಅಗಲ 122 ಸೆಂ.ಮೀ., ಅಂಚು ಬಿಟ್ಟರೆ 56 ಸೆಂ.ಮೀ. ತ್ರಿಜ್ಯಕ್ಕಿಂತ ಹೆಚ್ಚು ಕೂರುವುದೇ ಇಲ್ಲ. ಅಲ್ಲಿಗೆ ಎಲ್‌ಎಚ್‌ಬಿ ಬೋಗಿಗಳ ಉದ್ದ ರೈಲಿನ ಆಸೆ ಮುಗಿಯಿತು. ಗೂಡ್ಸ್ ವ್ಯಾಗನ್, ಸಣ್ಣ ಇಂಜಿನ್, ನಾಲ್ಕಾರು ಬೋಗಿ ಸಾಕು ಅಂದರೆ ಆ ಹಾಳೆ ಸಾಲುತ್ತದೆ, ಮಕ್ಕಳಿಗಂತೂ ರೈಲು ಸುತ್ತುತ್ತಲೇ ಇರಬೇಕು. ಎನ್ ಅಳತೆಯಲ್ಲಿ ಅದೇ ಹಾಳೆ ಧಾರಾಳವಾಗುತ್ತದೆ. ಬೋಗಿ 15 ಸೆಂ.ಮೀ.ಗಿಂತ ಉದ್ದ ಇರುವುದಿಲ್ಲ, 45 ಸೆಂ.ಮೀ. ತ್ರಿಜ್ಯ ಸುಲಭವಾಗಿ ಕೂರುತ್ತದೆ.

ಸುತ್ತು ಬೇಡ, ಗೋಡೆಗೆ ಹೊಂದಿಕೊಂಡು ಒಂದಡಿ ಒಂದೂವರೆ ಅಡಿ ಅಗಲದ ಹಲಗೆ ಮಾಡಿಸುತ್ತೇನೆ ಅನ್ನುವುದು ಇನ್ನೊಂದು ದಾರಿ. ನನಗೆ ಇದೇ ಇಷ್ಟ, ಅದಕ್ಕೆ ಕಾರಣ ನಮ್ಮ ಕೊಂಕಣ ರೈಲ್ವೆಯೇ. ಆ ಮಾರ್ಗ ಹೆಚ್ಚಿನ ಕಡೆ ಒಂಟಿ ಹಳಿ. ಗೋಕರ್ಣ ರೋಡ್, ಮಿರ್ಜಾನ್, ಕುಮಟಾ ಕಡೆ ಒಂದು ರೈಲು ಲೂಪಿನಲ್ಲಿ, ಅಂದರೆ ನಿಲ್ದಾಣದ ಪಕ್ಕದ ಹಳಿಯಲ್ಲಿ, ಕಾಯುತ್ತಿರುತ್ತದೆ, ಎದುರಿನದು ಬಂದು ದಾಟುತ್ತದೆ, ಆಮೇಲೆ ಇದಕ್ಕೆ ಸಿಗ್ನಲ್. ಈ ಕ್ರಾಸಿಂಗ್ ಒಂದನ್ನೇ ಚೆನ್ನಾಗಿ ಮಾಡಿದರೆ ಸಂಜೆಯಿಡೀ ಆಡಿಸಬಹುದು. ಅದಕ್ಕೆ ಬೇಕಾದ್ದು ಉದ್ದ. ಎಂಟು ಎಲ್‌ಎಚ್‌ಬಿ ಬೋಗಿ ಮತ್ತು ಒಂದು ಇಂಜಿನ್ ಎಚ್‌ಒದಲ್ಲಿ 2.4 ಮೀಟರ್, ಎರಡೂ ತುದಿಯ ಪಾಯಿಂಟ್ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆ), ಪಕ್ಕದ ರೈಲಿಗೆ ತಾಗದಂತೆ ನಿಲ್ಲಬೇಕಾದ ಫೌಲಿಂಗ್ ಮಾರ್ಕ್ ತನಕದ ಜಾಗ ಸೇರಿದರೆ ಲೂಪು ಮೂರು ಮೀಟರ್ ದಾಟುತ್ತದೆ. 12 ಅಡಿ ಗೋಡೆ 3.66 ಮೀಟರ್. ಹಿಡಿಸುತ್ತದೆ, ಆದರೆ ರೈಲು ಎಲ್ಲಿಂದ ಬರಬೇಕು, ಎಲ್ಲಿಗೆ ಹೋಗಬೇಕು? ಹಳಿ ಮೂಲೆ ತಿರುಗಿ ಪಕ್ಕದ ಗೋಡೆಗೆ ಹೋಗಲೇಬೇಕು, ಆ ಮೂಲೆಯಲ್ಲಿ 80 ಸೆಂ.ಮೀ. ತ್ರಿಜ್ಯಕ್ಕೆ ಜಾಗ ಆರಾಮಾಗಿ ಸಿಗುತ್ತದೆ. ಹಾಳೆಯ ಮೇಲೆ ಸಿಗದ ತಿರುವು ಗೋಡೆ ಬದಿಯಲ್ಲಿ ಸಿಗುವುದು ಹೀಗೆ.

ಅಂದಹಾಗೆ ಕೊಂಕಣ ರೈಲ್ವೆಯ ನಿಜವಾದ ತಿರುವುಗಳನ್ನು 1250 ಮೀಟರ್ ತ್ರಿಜ್ಯದ ಲೆಕ್ಕದಲ್ಲಿ ಹಾಕಿದ್ದು. ಎಚ್‌ಒಗೆ ಇಳಿಸಿದರೆ 14 ಮೀಟರ್ ಆಗುತ್ತದೆ. ಹೊನ್ನಾವರದ ಶರಾವತಿ ಸೇತುವೆ 2 ಕಿ.ಮೀ.ಗಿಂತ ಉದ್ದ, ಎಚ್‌ಒದಲ್ಲಿ 23 ಮೀಟರ್ ಮೀರುತ್ತದೆ. ಯಾರ ಮನೆಯಲ್ಲೂ ಇದು ಆಗುವ ಮಾತಲ್ಲ, ಏಳೆಂಟು ಕಂಬದ ಸೇತುವೆ ಮಾಡಿ, ಎರಡೂ ತುದಿ ತೆಂಗಿನ ಮರದ ಹಿಂದೆ ಮರೆಯಾಗಲಿ.

ಕರಾವಳಿಯೋ, ಘಟ್ಟವೋ?

ನಮ್ಮ ಜಿಲ್ಲೆಯವರಿಗೆ ಈ ಎರಡೂ ಮನೆಯ ರೈಲುಗಳೇ. ಕೊಂಕಣ ಮಾರ್ಗದ ಏರು 150ಕ್ಕೆ 1, ಅಂದರೆ 150 ಮೀಟರ್ ಓಡಿದರೆ 1 ಮೀಟರ್ ಎತ್ತರ. ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ ಘಟ್ಟದಲ್ಲಿ 37ಕ್ಕೆ 1, ಅಂದರೆ ಶೇ. 2.7. ಅಲ್ಲಿ ರೈಲು ಹತ್ತಿಸಲು ಹಿಂದಿನಿಂದ ತಳ್ಳುವ ಬ್ಯಾಂಕರ್ ಇಂಜಿನ್ ಜೋಡಿಸುತ್ತಾರೆ.

ಮಾಡೆಲ್‌ಗೆ ಬಂದರೆ ಒಂದು ಹಳಿ ಇನ್ನೊಂದರ ಮೇಲೆ ದಾಟಬೇಕಾದರೆ ಎಚ್‌ಒದಲ್ಲಿ ಕನಿಷ್ಠ 8 ಸೆಂ.ಮೀ. ಎತ್ತರ ಬೇಕು. ಘಟ್ಟದ ಏರಿನಲ್ಲಿ ಮೂರು ಮೀಟರ್ ಓಡಿದರೆ ಆ ಎತ್ತರ ಸಿಗುತ್ತದೆ, ಕೊಂಕಣದ ಏರಿನಲ್ಲಿ 12 ಮೀಟರ್ ಓಡಬೇಕು. ಆದ್ದರಿಂದ ಕರಾವಳಿ ಮಾದರಿ ಮಾಡುವವರು ಹಳಿಯನ್ನು ಸಪಾಟಾಗಿ ಇಟ್ಟು ನೆಲವನ್ನು ಏರಿಳಿಸುವುದು ವಾಸಿ: ಗುಡ್ಡ ಕಡಿದ ಕಟಿಂಗ್, ಸುರಂಗದ ಬಾಯಿ, ಕೆಳಗೆ ಗದ್ದೆ, ಹೊಳೆ. ಕೊಂಕಣ ರೈಲ್ವೆ ಇರುವುದೂ ಹಾಗೇ. ಘಟ್ಟ ಮಾಡುವವರು ಏರಿನಲ್ಲೇ ತಿರುವು ಬಂದರೆ ಇಂಜಿನ್ನಿಗೆ ಎಳೆತ ಇನ್ನೂ ಜಾಸ್ತಿ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಕು, ಏರು ಶುರುವಾಗುವಲ್ಲಿ ಮತ್ತು ಮುಗಿಯುವಲ್ಲಿ ಹಳಿ ಮೆಲ್ಲಗೆ ಬಾಗಬೇಕು, ಇಲ್ಲದಿದ್ದರೆ ಕಪ್ಲಿಂಗ್ ಬಿಟ್ಟುಕೊಳ್ಳುತ್ತದೆ. ಮೊದಲ ಲೇಔಟಿಗೆ ಕರಾವಳಿ. ಎರಡನೆಯದಕ್ಕೆ ಘಟ್ಟ.

ಹಳಿ: ಲೋಹದಿಂದ ಶುರುಮಾಡಿ

ಮಾಡೆಲ್ ಹಳಿ ಮೂರು ಲೋಹದಲ್ಲಿ ಬರುತ್ತದೆ, ಉಕ್ಕು, ಹಿತ್ತಾಳೆ, ನಿಕಲ್ ಸಿಲ್ವರ್. ನಿಕಲ್ ಸಿಲ್ವರ್‌ನಲ್ಲಿ ಬೆಳ್ಳಿ ಇಲ್ಲ, ತಾಮ್ರ, ಸತು, ನಿಕಲ್ ಸೇರಿದ ಮಿಶ್ರಲೋಹ ಅದು. ಉಕ್ಕಿನ ಹಳಿ ಅಗ್ಗ, ಆಟಿಕೆ ಸೆಟ್ಟುಗಳಲ್ಲಿ ಅದೇ ಹೆಚ್ಚು. ಕರಾವಳಿಯಲ್ಲಿ ಅದನ್ನು ಮುಟ್ಟಲೇಬೇಡಿ, ಪುಕ್ಕಟೆ ಕೊಟ್ಟರೂ ಬೇಡ. ಒಂದು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ತುಕ್ಕು ಉಜ್ಜಿದರೆ ಗೆರೆ ಬೀಳುತ್ತದೆ, ಆ ಗೆರೆಯಲ್ಲಿ ಕೊಳೆ ಕೂತು ಮತ್ತೆ ಬೇಗ ತುಕ್ಕು. ಹಿತ್ತಾಳೆ ತುಕ್ಕು ಹಿಡಿಯುವುದಿಲ್ಲ, ಆದರೆ ಮಾಸಿದ ಪದರ ಕರೆಂಟನ್ನು ತಡೆಯುತ್ತದೆ, ಬಣ್ಣವೂ ನಿಜದ ಹಳಿಯ ಹತ್ತಿರ ಬರುವುದಿಲ್ಲ. ನಿಕಲ್ ಸಿಲ್ವರ್ ಮಾಸಿದರೂ ಅಷ್ಟಾಗಿ ಕೈಕೊಡುವುದಿಲ್ಲ. ಹಾಗಾಗಿ ಇದರಲ್ಲಿ ಚರ್ಚೆಯೇ ಇಲ್ಲ. ಕೊಳ್ಳುವಾಗ ಒಂದು ಎಚ್ಚರ ಸಾಕು: ಬ್ಯಾಕ್‌ಮನ್ ಕಂಪನಿಯ ಇ-ಜೆಡ್ ಟ್ರ್ಯಾಕ್ ಕಪ್ಪು ತಳದ್ದಾದರೆ ಉಕ್ಕು, ಬೂದು ತಳದ್ದಾದರೆ ನಿಕಲ್ ಸಿಲ್ವರ್. ಹಳೆ ಸೆಟ್ ಕೊಳ್ಳುವಾಗ ಸಣ್ಣ ಆಯಸ್ಕಾಂತ ಜೇಬಿನಲ್ಲಿರಲಿ, ಹಳಿಗೆ ಅಂಟಿದರೆ ಅದು ಉಕ್ಕು.

ಇನ್ನು ಕೋಡ್. ಹಳಿಯ ಎತ್ತರವನ್ನು ಇಂಚಿನ ಸಾವಿರದ ಲೆಕ್ಕದಲ್ಲಿ ಹೇಳುವುದು, ಕೋಡ್ 100 ಅಂದರೆ 2.54 ಮಿ.ಮೀ., ಕೋಡ್ 83 ಅಂದರೆ 2.1, ಕೋಡ್ 75 ಅಂದರೆ 1.9. ನಮ್ಮ 60 ಕೆ.ಜಿ. ಹಳಿಯ (ಮೀಟರಿಗೆ 60 ಕೆ.ಜಿ. ತೂಗುವುದು) ಎತ್ತರ 172 ಮಿ.ಮೀ., 87ರಿಂದ ಭಾಗಿಸಿದರೆ ಸುಮಾರು 2 ಮಿ.ಮೀ., ಅಂದರೆ 75 ಮತ್ತು 83ರ ನಡುವೆ. ನೋಡಲು ಸರಿಯಾದದ್ದು ಇವೆರಡೇ. ಆದರೂ ಹಳೆ ಓಓ ಬೋಗಿಗಳ ಚಕ್ರದ ಅಂಚು ಆಳ, ಕೋಡ್ 75ರಲ್ಲಿ ಸ್ಲೀಪರ್ ಮೇಲಿನ ಹಿಡಿಕೆಗೆ ಬಡಿದು ಟಕಟಕ ಅನ್ನುತ್ತದೆ. ನಿಮ್ಮ ಹತ್ತಿರ ಹಳೆಯದು ಹೊಸದು ಕಲಸಿದ ಸಾಮಾನು ಇದ್ದರೆ ಕೋಡ್ 100 ಹಾಕಿ ಹಳಿಯ ಬದಿಗೆ ತುಕ್ಕು ಬಣ್ಣ ಬಳಿಯಿರಿ, ಎತ್ತರ ಕಣ್ಣಿಗೆ ಕಾಣುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಎಲ್ಲ ಹೊಸ ಸಾಮಾನೇ ಆದರೆ ಕೋಡ್ 75. ಪೆಕೋ ಕಂಪನಿಯವರ ಫ್ಲೆಕ್ಸ್ ಹಳಿ (ಬೇಕಾದಂತೆ ಬಗ್ಗಿಸುವ ಹಳಿ) ಕಾಂಕ್ರೀಟ್ ಸ್ಲೀಪರಿನದೂ ಸಿಗುತ್ತದೆ, ಕೊಂಕಣ ಮಾರ್ಗ ಮಾಡುವವರು ಅದನ್ನೇ ಕೇಳಿ ತರಿಸಿ, ಮರದ ಸ್ಲೀಪರ್ ಹಾಕಿದರೆ ಕಾಲವೇ ತಪ್ಪುತ್ತದೆ.

ಈಗ ದೊಡ್ಡ ಆಯ್ಕೆ: ತಳ ಸಮೇತ ಬರುವ ತುಂಡು ಹಳಿಯೋ, ಬಗ್ಗಿಸುವ ಫ್ಲೆಕ್ಸ್ ಹಳಿಯೋ?

ಕಾಟೋ ಯುನಿಟ್ರ್ಯಾಕ್ ಥರದ ತುಂಡು ಹಳಿಯಲ್ಲಿ ಜಲ್ಲಿಯ ಆಕಾರದ ಪ್ಲಾಸ್ಟಿಕ್ ತಳ ಇರುತ್ತದೆ, ತುಂಡಿಗೆ ತುಂಡು ಒತ್ತಿದರೆ ಟಕ್ ಅಂತ ಕೂರುತ್ತದೆ. ಹಲಗೆಗೆ ಅಂಟಿಸಲೇಬೇಕೆಂದಿಲ್ಲ. ಮಳೆಗಾಲ ಬಂದಾಗ ಬಿಚ್ಚಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿಡಬಹುದು, ಅಕ್ಟೋಬರ್‌ನಲ್ಲಿ ಮತ್ತೆ ಜೋಡಿಸಬಹುದು. ಕೈಗಾದಲ್ಲೋ ನೌಕಾನೆಲೆಯಲ್ಲೋ ಕೆಲಸದಲ್ಲಿದ್ದು ಯಾವಾಗ ವರ್ಗ ಆಗುತ್ತೋ ಗೊತ್ತಿಲ್ಲದವರಿಗೆ, ಬಾಡಿಗೆ ಮನೆಯವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಕೊರತೆ ಎಂದರೆ ತ್ರಿಜ್ಯ ಅವರು ಕೊಟ್ಟಷ್ಟೇ. ಕಾಟೋ ಎಚ್‌ಒದಲ್ಲಿ 370 ಮಿ.ಮೀ.ಯಿಂದ 790 ಮಿ.ಮೀ. ತನಕ ಇದೆ. ತುಂಡು ಲೆಕ್ಕದಲ್ಲಿ ಖರ್ಚೂ ಜಾಸ್ತಿ, ತರಿಸುವುದು ಹೊರಗಿನಿಂದಲೇ.

ಫ್ಲೆಕ್ಸ್ ಹಳಿ ಸುಮಾರು 91 ಸೆಂ.ಮೀ. ಉದ್ದ ಬರುತ್ತದೆ. ಬೇಕಾದ ತಿರುವಿಗೆ ಬಗ್ಗಿಸಬಹುದು, ಜೋಡಣೆ ಕಡಿಮೆ. ಜೋಡಣೆ ಕಡಿಮೆ ಅನ್ನುವುದೇ ನಮ್ಮಲ್ಲಿ ದೊಡ್ಡ ಲಾಭ, ಯಾಕೆಂದರೆ ಉಪ್ಪು ತೇವ ಮೊದಲು ಹೊಕ್ಕುವುದು ಹಳಿ ತುಂಡುಗಳನ್ನು ಜೋಡಿಸುವ ಜಾಯಿನರ್ ಒಳಗೆ. ಹಳಿಯ ತಲೆ ಹೊಳೆಯುತ್ತಿರುತ್ತದೆ, ಆದರೆ ಜಾಯಿನರ್ ಎಳೆದು ತೆಗೆದು ಬೆಳಕಿಗೆ ಹಿಡಿದರೆ ಒಳಗಡೆ ತೆಳ್ಳಗೆ ಹಸಿರು ಕಿಲುಬು ಕಟ್ಟಿರುತ್ತದೆ, ಅಲ್ಲಿಂದ ಮುಂದೆ ಕರೆಂಟ್ ಹೋಗುವುದಿಲ್ಲ. ತುಂಡು ಹಳಿಯಲ್ಲಿ ಇಂಥ ಜಾಗ ಮೂರು ನಾಲ್ಕು ಪಟ್ಟು ಜಾಸ್ತಿ ಇರುತ್ತದೆ. ಆದ್ದರಿಂದ ಸ್ವಂತ ಮನೆ, ಒಂದೇ ಕಡೆ ಇರುವ ಲೇಔಟ್ ಅಂದರೆ ಫ್ಲೆಕ್ಸ್, ಪ್ರತಿ ಉದ್ದಕ್ಕೂ ಕೆಳಗಿನಿಂದ ಎರಡು ವೈರ್ ಬೆಸುಗೆ ಹಾಕಿ. ಜಾಯಿನರ್ ಹಳಿಯನ್ನು ನೇರ ಹಿಡಿಯಲಿ ಸಾಕು, ಕರೆಂಟಿನ ಕೆಲಸ ಅದಕ್ಕೆ ಕೊಡಬೇಡಿ. ಬೆಸುಗೆಗೆ ರೋಸಿನ್ ಫ್ಲಕ್ಸ್ ಮಾತ್ರ, ಆಸಿಡ್ ಇರುವ ಫ್ಲಕ್ಸ್ ಉಳಿದುಕೊಂಡು ಹಳಿಯನ್ನೇ ತಿನ್ನುತ್ತದೆ.

ಫ್ಲೆಕ್ಸ್ ಬಗ್ಗಿಸುವಾಗ ಒಳಗಿನ ಹಳಿ ತುದಿಯಲ್ಲಿ ಉದ್ದ ಹೊರಬರುತ್ತದೆ, ಅದನ್ನು ಕತ್ತರಿಸಬೇಕು. ತಿರುವಿನ ನಡುವೆ ಜೋಡಣೆ ಬರುವುದಾದರೆ ಎರಡು ಉದ್ದವನ್ನು ನೇರ ಇರುವಾಗಲೇ ಬೆಸುಗೆ ಹಾಕಿ ಆಮೇಲೆ ಬಗ್ಗಿಸಿ, ಇಲ್ಲದಿದ್ದರೆ ಜೋಡಣೆಯಲ್ಲಿ ಮೂಲೆ ಮೂಡುತ್ತದೆ. ಎಡಕ್ಕೆ ತಿರುಗಿದ ಕೂಡಲೇ ಬಲಕ್ಕೆ ತಿರುಗಿಸಬೇಡಿ. ನಡುವೆ ಒಂದು ಬೋಗಿಯಷ್ಟಾದರೂ ನೇರ ಹಳಿ ಇರಲಿ.

ಪಾಯಿಂಟ್ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ. ಪೆಕೋದ ಸಣ್ಣ ಪಾಯಿಂಟ್ ತ್ರಿಜ್ಯ 610 ಮಿ.ಮೀ., ನಡುವಿನದ್ದು 914, ದೊಡ್ಡದು 1524. ಪ್ರಯಾಣಿಕರ ರೈಲು ಓಡುವ ಕಡೆ ದೊಡ್ಡದು, ಗೂಡ್ಸ್ ಸೈಡಿಂಗಿಗೆ ನಡುವಿನದ್ದು. ಪಾಯಿಂಟಿನಲ್ಲಿ ಎರಡು ಹಳಿ ಒಂದನ್ನೊಂದು ದಾಟುವ ಜಾಗಕ್ಕೂ ಕ್ರಾಸಿಂಗ್ ಅನ್ನುತ್ತಾರೆ. ಪ್ಲಾಸ್ಟಿಕ್ ಕ್ರಾಸಿಂಗಿನದು ಬೇಡ, ಕರೆಂಟ್ ಸಿಗದೆ ಸಣ್ಣ ಇಂಜಿನ್ ಅದರ ಮೇಲೆ ನಿಲ್ಲುತ್ತದೆ. ಕರೆಂಟ್ ಹರಿಯುವ ಕ್ರಾಸಿಂಗಿನದೇ ತನ್ನಿ. ಪೆಕೋದವರು ಪಾಯಿಂಟುಗಳ ನಿಜ ಗಾತ್ರದ ಚಿತ್ರ ಕೊಡುತ್ತಾರೆ, ಪ್ರಿಂಟ್ ತೆಗೆದು ಕತ್ತರಿಸಿ ಹಲಗೆ ಮೇಲೆ ಹರಡಿ ನೋಡಿ. ಎಕ್ಸ್‌ಟ್ರ್ಯಾಕ್‌ಕ್ಯಾಡ್ ಎಂಬ ಉಚಿತ ಸಾಫ್ಟ್‌ವೇರಿನಲ್ಲೂ ನಕ್ಷೆ ಹಾಕಬಹುದು. ಆದರೂ ಕಾಗದ ಹರಡಿ ಅದರ ಮೇಲೆ ಬೋಗಿಯನ್ನೇ ಇಟ್ಟು ನೋಡಿದಾಗ ತಿಳಿಯುವುದು ಪರದೆಯಲ್ಲಿ ತಿಳಿಯುವುದಿಲ್ಲ.

ಹಲಗೆ

ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಬೇಡ. ತೇವ ಕುಡಿದು ಉಬ್ಬುತ್ತದೆ, ಒಮ್ಮೆ ಉಬ್ಬಿದ್ದು ಮತ್ತೆ ಕೂರುವುದಿಲ್ಲ. ಸಾದಾ ಕಮರ್ಷಿಯಲ್ ಪ್ಲೈ ಕೂಡ ಬೇಡ. ಐಎಸ್ 710 ಗುರುತಿನ ಬಿಡಬ್ಲ್ಯುಪಿ (ಕುದಿನೀರಿಗೂ ಜಗ್ಗದ) ಪ್ಲೈ, 12 ಮಿ.ಮೀ. ದಪ್ಪದ್ದು, ಬೆಲೆ ಜಾಸ್ತಿ ಆದರೂ ಅದನ್ನೇ ಕೊಳ್ಳಿ, ಇಡೀ ಲೇಔಟಿನಲ್ಲಿ ಹಣ ಹಾಕಬೇಕಾದ ಜಾಗ ಇದೊಂದೇ ಅಂದರೂ ತಪ್ಪಲ್ಲ. ಕತ್ತರಿಸಿದ ಅಂಚು, ಸ್ಕ್ರೂ ತೂತು, ಕೆಳಬದಿ ಎಲ್ಲಕ್ಕೂ ವಾರ್ನಿಷ್ ಅಥವಾ ಪೇಂಟ್ ಆಗಬೇಕು. ಒಂದೇ ಬದಿ ಬಳಿದರೆ ಇನ್ನೊಂದು ಬದಿ ತೇವ ಕುಡಿದು ಹಲಗೆ ಬಿಲ್ಲಾಗುತ್ತದೆ. ಕೆಳಗಿನ ಚೌಕಟ್ಟಿಗೆ ಮರಕ್ಕಿಂತ ಅಲ್ಯುಮಿನಿಯಂ ಪೈಪ್ ಒಳ್ಳೆಯದು, ಒರಲೆಯ ಭಯವೂ ಇಲ್ಲ. ಗಟ್ಟಿ ಫೋಮ್ ಹಲಗೆ ತೇವ ಕುಡಿಯುವುದಿಲ್ಲ, ಹಗುರ. ಆದರೆ ಅದರ ಕೆಳಗೆ ಗಟ್ಟಿ ಆಧಾರ ಬೇಕು, ಪಾಯಿಂಟನ್ನು ಆಡಿಸುವ ಮೋಟಾರಿನ ಸ್ಕ್ರೂ ಅದರಲ್ಲಿ ಹಿಡಿಯುವುದಿಲ್ಲ. ಪ್ಲೈ ಮೇಲೆ ಫೋಮ್ ಇಟ್ಟರೆ ಎರಡರ ಗುಣವೂ ಸಿಗುತ್ತದೆ.

ಎಲ್ಲಿ ಇಡುವುದು ಅನ್ನುವುದೂ ಮುಖ್ಯ. ಹಂಚಿನ ಕೆಳಗಿನ ಅಟ್ಟದಲ್ಲಿ ಜಾಗ ಖಾಲಿ ಇರುತ್ತದೆ ಅಲ್ವಾ, ಹಾಗಾಗಿ ಎಲ್ಲರಿಗೂ ಅದೇ ನೆನಪಾಗುತ್ತದೆ. ಏಪ್ರಿಲ್‌ನಲ್ಲಿ ಅಲ್ಲಿ ಕೂರಲಾಗುವುದಿಲ್ಲ, ಮಳೆಯಲ್ಲಿ ಎರಚಲು ಬರುತ್ತದೆ. ಜಗಲಿಯೂ ಬೇಡ. ಒಳಗಿನ ಕೋಣೆ, ಹೊರಗೋಡೆಗೆ ತಾಗದಂತೆ ಎರಡು ಬೆರಳು ಬಿಟ್ಟು.

ಯಾವಾಗ ಹಾಕುವುದು

ಮಳೆಗಾಲದಲ್ಲಿ ಹಲಗೆ ಉಬ್ಬಿರುತ್ತದೆ. ಆಗ ಹಳಿಯನ್ನು ಬಿಗಿಯಾಗಿ ಜೋಡಿಸಿದರೆ ಫೆಬ್ರುವರಿಯಲ್ಲಿ ಹಲಗೆ ಕುಗ್ಗಿ, ಸೆಕೆಗೆ ಹಳಿ ಹಿಗ್ಗಿ, ಹೋಗಲು ಜಾಗ ಇಲ್ಲದೆ ಹಳಿ ಬದಿಗೆ ಬಾಗುತ್ತದೆ. ಲೋಹ ಹಿಗ್ಗುವುದು ಕಡಿಮೆಯೇ, ಒಂದು ಮೀಟರ್ ಹಳಿ 20 ಡಿಗ್ರಿ ಏರಿದರೆ ಸುಮಾರು 0.3 ಮಿ.ಮೀ. ಹೆಚ್ಚಿನ ಕಿತಾಪತಿ ಮರದ್ದು. ದೀಪಾವಳಿ ಕಳೆದ ಮೇಲೆ ಹಲಗೆ ಮಾಡಿಸಿ, ಬಣ್ಣ ಬಳಿದು, ಅದೇ ಕೋಣೆಯಲ್ಲಿ ಕೆಲವು ವಾರ ಸುಮ್ನೆ ಬಿಟ್ಟು, ಆಮೇಲೆ ಹಳಿ ಹಾಕಿ. ಆಗ ಜೋಡಣೆಯಲ್ಲಿ ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಸಾಕು. ಮಳೆಯಲ್ಲೇ ಹಾಕಲೇಬೇಕು ಅಂದರೆ ಸಂದು ಒಂದು ಮಿಲಿಮೀಟರ್ ತನಕ ಬಿಡಿ.

ಹಳಿಯ ಕೆಳಗೆ ಕಾರ್ಕ್ ಹಾಳೆ ಅಥವಾ ಇವಿಎ ಫೋಮ್. ಇವಿಎಗೆ ಬೂಸ್ಟು ಹಿಡಿಯುವುದಿಲ್ಲ, ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ, ಆದರೆ ಮೆತ್ತಗಿನದು ತಂದರೆ ಹಳಿ ಕುಣಿಯುತ್ತದೆ. ಒತ್ತಿ ನೋಡಿ, ಗಟ್ಟಿ ಇರುವುದನ್ನೇ ಆರಿಸಿ. ಅಂಟಿಸಲು ಕಬ್ಬಿಣದ ಮೊಳೆ ಬೇಡ, ಅಕ್ರಿಲಿಕ್ ಸೀಲಂಟನ್ನು ತೆಳ್ಳಗೆ ಹರಡಿ ಹಳಿ ಒತ್ತಿ, ಒಣಗುವ ತನಕ ಮೇಲೆ ಭಾರ ಇಡಿ.

ಜಲ್ಲಿ ಕೊನೆಗೆ, ರೈಲು ಎಲ್ಲ ಕಡೆ ಹಿಂದೆ ಮುಂದೆ ಸರಾಗವಾಗಿ ಓಡಿದ ಮೇಲೆ. ಕಡಲ ತೀರದ ಮರಳು ಹತ್ತಿರವೇ ಇದೆ ಅಂತ ತರಬೇಡಿ. ಅದರಲ್ಲಿ ಉಪ್ಪು ಇದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದು ಕಷ್ಟ. ಒಂದು ಹಿಡಿ ಒಣ ಮರಳನ್ನು ಕಾಗದದ ಮೇಲೆ ಹರಡಿ ಕೆಳಗಿನಿಂದ ಆಯಸ್ಕಾಂತ ಆಡಿಸಿದರೆ ಕಪ್ಪು ಕಣಗಳು ಎದ್ದು ನಿಂತು ಅದರ ಹಿಂದೆಯೇ ಸರಿಯುತ್ತವೆ. ಅಂಥ ಕಣ ಇಂಜಿನ್ ಕೆಳಗಿನಿಂದ ಮೋಟಾರಿನೊಳಗೆ ಹೊಕ್ಕರೆ ಅಲ್ಲಿನ ಆಯಸ್ಕಾಂತಕ್ಕೆ ಅಂಟಿ ಮತ್ತೆ ಬರುವುದಿಲ್ಲ. ಚಿರೆಕಲ್ಲಿನ ಪುಡಿಯಲ್ಲೂ ಕಬ್ಬಿಣದ ಅಂಶ ಇದೆ, ಅದನ್ನು ಗುಡ್ಡದ ಕಟಿಂಗಿಗೆ ಬಳಸಿ, ಬಣ್ಣ ಅಲ್ಲಿ ಸರಿಯಾಗಿ ಹೊಂದುತ್ತದೆ. ಹಳಿಯ ನಡುವೆ ಹಾಕಲು ಕ್ರಷರಿನ ಕಪ್ಪುಕಲ್ಲಿನ ಪುಡಿ ತಂದು, ತೊಳೆದು, ಜರಡಿ ಹಿಡಿದು, ಆಯಸ್ಕಾಂತ ಆಡಿಸಿ, ಏನೂ ಅಂಟದಿದ್ದರೆ ಹಾಕಿ. ಪಾಯಿಂಟಿನ ಆಡುವ ಹಳಿಗಳ ಹತ್ತಿರ ಮಾತ್ರ ಅಂಟು ನೀರು ತಾಗಬಾರದು, ಅಲ್ಲಿ ಜಲ್ಲಿಯನ್ನು ಒಂದೊಂದೇ ಚಿಮಟಿಗೆಯಲ್ಲಿ ಇಟ್ಟರೂ ಸರಿ.